ದ್ಯಾವಕ್ಕ ಗದ್ದೆ ತೊಳೆದದ್ದು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆಗೆ ಹರಿಯಬೇಕೆಂದು ಹೊಳೆಗೆ ಆಗಷ್ಟೇ ಗೊತ್ತಾಗಿತ್ತು. ಗಾಳಿ, ಪೈರು, ಪಾಚಿ ಎಲ್ಲಕ್ಕೂ ಆಗ ಮಾತು ಬರುತ್ತಿತ್ತು.

ಹೊಳೆಯ ದಂಡೆಯಲ್ಲಿ ದ್ಯಾವಕ್ಕ ಎಂಬುವಳು ಮೊದಲ ಸಲ ಭತ್ತದ ನಾಟಿ ಮಾಡಿದ್ದಳು. ಅವಳ ಮಗಳು ಈರಿ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಾಣಂತಿ ಮಗಳಿಗೆ ಹೊಸ ಅಕ್ಕಿಯ ಮೆತ್ತನೆ ಅನ್ನ ಉಣಿಸಬೇಕು, ದ್ಯಾವಕ್ಕನಿಗೆ ಅದೊಂದೇ ಆಸೆ.

ಒಳ್ಳೆಯ ಹೆಂಗಸು. ಆದರೆ ಚೊಕ್ಕಟದ ಹುಚ್ಚು! ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವವಳು. ಇಂಥವಳ ಗದ್ದೆಯ ನೀರಿನ ಮೇಲೆ ಹಸಿರು ಪಾಚಿ ಹರಡಿಕೊಂಡರೆ ಸುಮ್ಮನಿರುತ್ತಾಳೆಯೇ?

“ಥೂ, ಏನಿದು ಕೊಳಕು!” ಎಂದು ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು.

“ನಾನು ಕೊಳಕಲ್ಲ ಕಣಕ್ಕಾ,” ಎಂದಿತು ಪಾಚಿ. “ಗಾಳಿಯಲ್ಲಿರೋ ಸಾರ ಹಿಡಿದು ಪೈರಿಗೆ ಉಣಿಸ್ತೀನಿ. ನನ್ನ ಇರಗೊಡು.”

“ಗಾಳಿ ತಿಂದು ಯಾರ ಹೊಟ್ಟೆ ತುಂಬಿದೆ ಹೇಳೇ? ಸಾಕು, ಬಾಯಿ ಮುಚ್ಚು.”

ಬೊಗಸೆ ಬೊಗಸೆ ಬಾಚಿ ಬದುವಿನ ಮೇಲೆ ಎಸೆದಳು. ಮರುದಿನ ಪಾಚಿ ಬೇಡಿಕೊಂಡಿತು, ಮತ್ತೆ ಬಾಚಿದಳು. ಮೂರನೆಯ ದಿನವೂ ಬೇಡಿಕೊಂಡಿತು; ಮತ್ತೆ ಬಾಚಿದಳು. ಬಿಸಿಲಿಗೆ ಪಾಚಿ ಒಣಗಿ ಹಪ್ಪಳವಾಯಿತು, ಅದರ ಗಂಟಲೂ ಒಣಗಿಹೋಯಿತು. ಇತ್ತ ತಿಳಿಯಾದ ನೀರಿನಲ್ಲಿ ದ್ಯಾವಕ್ಕ ತನ್ನ ಮುಖ ನೋಡಿಕೊಂಡು ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಪೈರು ಹಳದಿಗಟ್ಟಿತು.

“ಗಾಳಿಯಪ್ಪಾ, ನನ್ನ ಪೈರಿಗೆ ಏನಾಯ್ತೋ?”

“ನನ್ನ ಹತ್ರ ಬೇಕಾದಷ್ಟು ಸಾರ ಇದೆ ತಾಯಿ,” ಎಂದಿತು ಗಾಳಿ. “ಅದನ್ನ ಇಸ್ಕೊಳ್ಳೋಕೆ ಪೈರಿಗೆ ಬರಲ್ಲ. ಇಸ್ಕೊಂಡು ಕೊಡೋಳನ್ನ ನೀನೇ ಎಸೆದುಬಿಟ್ಟೆಯಲ್ಲ!”

ದ್ಯಾವಕ್ಕ ಬದುವಿಗೆ ಓಡಿಹೋಗಿ ಒಣಪಾಚಿಯನ್ನೆಲ್ಲ ಸೆರಗಿನಲ್ಲಿ ತುಂಬಿ ತಂದು ನೀರಿಗೆ ಬಿಟ್ಟಳು. ಪಾಚಿ ಮೆಲ್ಲಗೆ ಹಸಿರಾಯಿತು, ಕೆಲಸವನ್ನೂ ಹಿಡಿಯಿತು. ಆದರೆ ಹೊತ್ತು ಮೀರಿತ್ತು. ಆ ವರ್ಷ ತೆನೆಯೆಲ್ಲ ಜೊಳ್ಳು. ಬಾಣಂತಿ ಈರಿಯ ಮುಂದೆ ಇಟ್ಟದ್ದು ಬೇಯಿಸಿದ ಗೆಣಸು.

“ಇರ್ಲಿ ಬಿಡವ್ವಾ, ಇದೂ ಚೆನ್ನಾಗೈತೆ,” ಎಂದಳು ಈರಿ. ಅದನ್ನು ಕೇಳಿ ದ್ಯಾವಕ್ಕನಿಗೆ ಇನ್ನಷ್ಟು ಸಂಕಟವಾಯಿತು.

ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂತು. ದ್ಯಾವಕ್ಕ ದಿನಾ ಬದುವಿನ ಮೇಲೆ ಕೂತು, “ತಪ್ಪಾಯ್ತು ಕಣವ್ವಾ, ಒಂದು ಮಾತಾಡು,” ಎನ್ನುವಳು. ಪಾಚಿ ಬಾಯಿ ತೆರೆಯುವುದು. ಮಾತು ಹೊರಡದು, ಬರೀ ಗುಳ್ಳೆ.

ಅದಕ್ಕೇ ಮಗು, ಇವತ್ತಿಗೂ ನಡುಹಗಲಲ್ಲಿ ನಾಟಿ ಗದ್ದೆಯ ಹತ್ತಿರ ನಿಂತು ನೋಡಿದರೆ, ಹಸಿರು ಪಾಚಿಯ ನಡುವೆ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ಅದು ಕ್ಷಮಿಸಿದೆ ಎನ್ನುತ್ತದೋ ಇಲ್ಲ ಎನ್ನುತ್ತದೋ, ಸಾಯುವವರೆಗೂ ದ್ಯಾವಕ್ಕನಿಗೆ ತಿಳಿಯಲಿಲ್ಲ.