ಜವರನ ಹಸಿ ಹಚ್ಚೆ

ಹೊಸದಾಗಿ ಹುಯ್ಯಿಸಿದ ಹಚ್ಚೆಯನ್ನು ಅದರ ಪಾಡಿಗೆ ಬಿಡಬೇಕು. ಕೆರೆಯಬಾರದು, ನೆನೆಸಬಾರದು, ಕಂಡದ್ದನ್ನೆಲ್ಲ ಮೆತ್ತಬಾರದು. ಗಾಯದ ಮೇಲೆ ಕಟ್ಟುವ ಹಕ್ಕಳೆ ತಾನಾಗಿಯೇ ಉದುರಬೇಕು. ನಿಯಮ ಇಷ್ಟೇ. ಇದಕ್ಕೆ ಓದು ಬೇಡ, ಬರಹ ಬೇಡ. ಆದರೂ ಈ ಕತೆಯಲ್ಲಿ ಬರುವವರೆಲ್ಲ ಇದನ್ನು ಮುರಿದರು. ಹೇಗೆ ಅಂತೀರೋ, ಕೇಳಿ.

ಒಂದೂರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಆಳು ಉದ್ದ, ಬುದ್ಧಿ ಗಿಡ್ಡ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ. ಗಂಡನಿಲ್ಲದ ಹೊನ್ನಾಜಮ್ಮ ಊರೂರು ಅಲೆದು, ಕಂಡವರ ಕಾಲು ಹಿಡಿದು, ಕೊನೆಗೆ ಪಕ್ಕದೂರಿನ ಮುದ್ದೇಗೌಡನ ಮಗಳನ್ನು ಗೊತ್ತುಮಾಡಿದಳು. ಈ ಸಂಬಂಧ ತಪ್ಪಿದರೆ ಮಗನಿಗೆ ಇನ್ನೊಬ್ಬರು ಹೆಣ್ಣು ಕೊಡುವುದಿಲ್ಲ ಅನ್ನುವುದು ಅವಳಿಗೂ ಗೊತ್ತು, ಊರಿಗೂ ಗೊತ್ತು.

ಹುಡುಗಿ ಹೆಸರು ಮಂಗಳಗೌರಿ. ಜವರನ ಬಾಯಲ್ಲಿ ಅದು ಬೆಳಿಗ್ಗೆ ಗೌರಮ್ಮ, ಮಧ್ಯಾಹ್ನ ಮಂಗಮ್ಮ, ಸಂಜೆಗೆ ಯಾರೋ ಒಬ್ಬಳು. ಮದುವೆಯಾಗಿ ಹೊಸಿಲು ದಾಟುವ ಮುಂಚೆ ಹೆಂಡತಿ ಹೆಸರು ಹೇಳುವ ಶಾಸ್ತ್ರವಿದೆಯಲ್ಲ, ಅಲ್ಲಿ ಇವನು ಏನು ಹೇಳಿಯಾನು? ಓದಲು ಬರುತ್ತಿತ್ತು, ನೆನಪಿಡಲು ಬರುತ್ತಿರಲಿಲ್ಲ. ಅದಕ್ಕೇ ಹೊನ್ನಾಜಮ್ಮ ತನ್ನ ತಮ್ಮ ಕಾಳೇಗೌಡನ ಜೊತೆ ಮಗನನ್ನು ಸಂತೆಗೆ ಕಳಿಸಿ, ಬಲಗೈ ಮಣಿಕಟ್ಟಿನ ಮೇಲೆ ಆ ಹೆಸರನ್ನು ಹಚ್ಚೆ ಹುಯ್ಯಿಸಿದಳು.

ಕಾಳೇಗೌಡ ಸಂತೆಯಲ್ಲೇ ಉಳಿದ. ಜವರ ಒಬ್ಬನೇ ಬಸ್ಸಿಳಿದು ಬಂದ. ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲ.

"ಅಂಗಿ ಎಲ್ಲೋ? ಪಂಚೆ ಎಲ್ಲೋ?"

"ಬಟ್ಟೆ ತಾಗಿಸಬೇಡ ಅಂದ ಕನವ್ವ, ಹಚ್ಚೆಯವನು."

"ಹಚ್ಚೆಗೆ ತಾಗಿಸಬೇಡ ಅಂದಿರ್ತಾನೆ ಕನ್ಲಾ. ಅದಕ್ಕೆ ಊರಿಗೆಲ್ಲ ಮೈ ತೋರಿಸ್ಕೊಂಡು ಬರ್ತಾರಾ? ಬಿಸಿಲಿಗೆ ಒಡ್ಡಬೇಡ. ಕೈನ ನೆರಳಲ್ಲಿ ಇಟ್ಕೋ, ಅಷ್ಟು ಸಾಕು." ಇಷ್ಟು ಬೈದು, ಬಣ್ಣ ಬಿಡುತ್ತದೋ ಏನೋ ಅಂತ ಹೆಬ್ಬೆರಳಿಂದ ಹೆಸರನ್ನು ಉಜ್ಜಿ ನೋಡಿದಳು. ನಿಯಮ ಅಲ್ಲಿಗೇ ಒಂದು ಸಲ ಮುರಿಯಿತು.

ಮಾರನೇ ದಿನ ಜವರ ಎಮ್ಮೆ ಮೇಯಿಸಲು ಹೋದ. ಹುಣಸೇಮರದ ನೆರಳಿಗೆ ಕೈ ಚಾಚಿ, ತಾನು ಬಿಸಿಲಲ್ಲಿ ನಿಂತ. ನೆರಳು ಸರಿದ ಹಾಗೆ ತಾನೂ ಸರಿದ. ಎಮ್ಮೆಗಳು ಪಕ್ಕದ ಹೊಲದ ರಾಗಿ ಪೈರನ್ನು ನುಣ್ಣಗೆ ಮೇಯ್ದವು. ಹೊಲದವರು ಬಂದು ಉಗಿದು ಹೋದರು.

"ಎಮ್ಮೆ ಪೈರಿಗೆ ಬಿದ್ದಾಗ ಏನು ಮಾಡ್ತಿದ್ದೆ?"

"ಕೈನ ನೆರಳಲ್ಲಿ ಇಟ್ಕೊಂಡಿದ್ದೆ ಕನವ್ವ."

"ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ. ಬರಬಾರದ ಜಾಗಕ್ಕೆ ಯಾರಾದ್ರೂ ಕಾಲಿಟ್ರೆ ಕೋಲು ತಗೊಂಡು ಓಡಿಸಬೇಕು ಕನ್ಲಾ."

ಆಯಿತು. ಮಾರನೇ ದಿನ ಮುದ್ದೇಗೌಡ ಎಲೆ ಅಡಿಕೆ, ಹಣ್ಣು ಹಿಡಿದು ಬಂದ. ಹೊನ್ನಾಜಮ್ಮ ಆಗಷ್ಟೇ ಜಗಲಿ ಸಾರಿಸಿ, ಒಣಗುವವರೆಗೆ ಯಾರೂ ಕಾಲಿಡಬಾರದು ಅಂದು ಒಳಗೆ ಹೋಗಿದ್ದಳು. ಮುದ್ದೇಗೌಡ ಕಾಲಿಟ್ಟ. ಜವರ ಕೋಲು ತಗೊಂಡ. ಬೀಗರು ಹಣ್ಣು ಚೆಲ್ಲಿ ಪಂಚೆ ಎತ್ತಿ ಓಡಿದ್ದನ್ನು ಇಡೀ ಬೀದಿ ನೋಡಿತು.

ಹೊನ್ನಾಜಮ್ಮ ಹಿಂದೆಯೇ ಓಡಿ, ಸೆರಗೊಡ್ಡಿ ಬೇಡಿ, ಬೀಗರನ್ನು ಕರೆತಂದಳು. ಮಗನನ್ನು ಮೂಲೆಗೆಳೆದು, "ದೊಡ್ಡೋರು ಕನ್ಲಾ ಅವರು. ದೊಡ್ಡೋರು ಏನು ಹೇಳಿದ್ರೂ ಹೂಂ ಅಂತ ಮಾಡಬೇಕು. ತಿಳೀತಾ?" ಅಂದಳು.

"ಹೂಂ," ಅಂದ ಜವರ.

ನಮ್ಮ ಕಡೆ ದೊಡ್ಡವರಿಗೇನು ಬರವೇ? ಕೈಮೇಲೊಂದು ಗಾಯ ಕಂಡರೆ ಸಾಕು, ದಾರಿಹೋಕನೂ ಡಾಕ್ಟರು. ಮುದ್ದೇಗೌಡ ಕೈ ನೋಡಿ, "ಇದೇನು ಹಕ್ಕಳೆ ಕಟ್ಟಿದೆ? ನನ್ನ ಮಗಳ ಹೆಸರು ಕಾಣಬೇಡವಾ? ಕೆರೆದು ತೆಗಿ," ಅಂದ. ಜವರ ಹೂಂ ಅಂತ ಕೆರೆದ. ಕಾಳೇಗೌಡ ಬಂದು, "ರಕ್ತ ಬರ್ತಿದೆಯಲ್ಲೋ, ಸುಣ್ಣ ಅರಿಶಿನ ಕಲಸಿ ಮೆತ್ತು," ಅಂದ. ಹೂಂ ಅಂತ ಮೆತ್ತಿದ. ಎದುರುಮನೆ ಅಜ್ಜಿ ಹೊಗೆಸೊಪ್ಪು ಅಂದಳು, ಹೂಂ. ಬಸ್ಸಿನ ಕಂಡಕ್ಟರು ಟೂತ್‌ಪೇಸ್ಟು ಅಂದ, ಅದಕ್ಕೂ ಹೂಂ. ಕೈ ಬಾತು ಕುಂಬಳಕಾಯಿಯಾಯಿತು. ಕೀವು ಒಸರತೊಡಗಿತು. ಆಗ ದೊಡ್ಡವರೆಲ್ಲ ಒಂದೇ ಬಾಯಲ್ಲಿ, "ಹುಡುಗನಿಗೆ ಜೋಪಾನ ಮಾಡೋಕೆ ಬರಲ್ಲ," ಅಂದರು.

ಹೊನ್ನಾಜಮ್ಮ ಕುದಿಸಿ ಆರಿಸಿದ ನೀರಲ್ಲಿ ಎಲ್ಲ ತೊಳೆದಳು. ಅಳುತ್ತ ತೊಳೆದಳು, ಬೈಯುತ್ತ ಒರೆಸಿದಳು.

"ದೊಡ್ಡೋರು ಹೇಳಿದ್ರು ಕನವ್ವ."

"ಅವರ ಬಾಯಿಗೆ ಮಣ್ಣು ಹಾಕ. ಇನ್ನು ಇದು ವಾಸಿ ಆಗೋವರೆಗೆ ಯಾರ ಮಾತೂ ಕೇಳಬೇಡ. ನಾನೇ ಹೇಳಿದ್ರೂ ಕೇಳಬೇಡ. ಇದರ ಮೇಲೆ ಒಂದು ತೊಟ್ಟು ನೀರು ಬೀಳಕೂಡದು, ನೋಡು."

"ಹೂಂ," ಅಂದ ಜವರ.

ಹಾಗೆ ಬಿಟ್ಟಿದ್ದೇ ತಡ, ಊತ ಇಳಿಯಿತು, ಹೊಸ ಹಕ್ಕಳೆ ಕಟ್ಟಿತು. ಅದು ಉದುರುವ ಮೊದಲೇ ಮದುವೆ ದಿನ ಬಂತು.

ಚಪ್ಪರದಲ್ಲಿ ಜನ ತುಂಬಿದ್ದರು. ಧಾರೆಯ ಹೊತ್ತಾಯಿತು. ಮಂಗಳಗೌರಿ ಕೈ ನೀಡಿ ಕೂತಳು. ಮುದ್ದೇಗೌಡ ಹಾಲುನೀರು ತುಂಬಿದ ಗಿಂಡಿ ಎತ್ತಿ ಹಿಡಿದ.

"ಕೈ ಒಡ್ಡಪ್ಪ," ಅಂದರು ಪುರೋಹಿತರು.

ಜವರ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಒಡ್ಡೋ, ಮಾನ ಕಳೀಬೇಡ," ಅಂದ ಕಾಳೇಗೌಡ. ಜವರ ಕೇಳಲಿಲ್ಲ.

"ಮುಹೂರ್ತ ಮೀರ್ತಾ ಇದೆ," ಅಂದರು ಪುರೋಹಿತರು.

ಹೊನ್ನಾಜಮ್ಮ ಬಂದು ಮಗನ ಮುಂದೆ ಕೂತಳು. "ನಿನ್ನ ದಮ್ಮಯ್ಯ ಅಂತೀನಿ ಕನ್ಲಾ, ನಾನು ಹೇಳ್ತಾ ಇದೀನಿ, ಕೈ ನೀಡು."

"ನೀನು ಹೇಳಿದ್ರೂ ಕೇಳಬೇಡ ಅಂದಿದ್ದೀಯ ಕನವ್ವ."

ಮುದ್ದೇಗೌಡನ ಮುಖ ಕೆಂಪಗಾಯಿತು. "ಕೇಳಿಸ್ಕೊಳ್ಳಮ್ಮ, ಈ ಹಾಲು ಇವನ ಕೈಮೇಲೆ ಬೀಳದೆ ನನ್ನ ಮಗಳು ನಿನ್ನ ಸೊಸೆಯಲ್ಲ. ಬೀಳಿಸೋದು ನನಗೆ ಗೊತ್ತು," ಅಂದವನೇ ಜವರನ ಬಲಗೈ ಎಳೆದು ಗಿಂಡಿ ಬಗ್ಗಿಸಲು ಹೋದ.

ಜವರ ಎಡಗೈಯಲ್ಲಿ ಗಿಂಡಿ ಕಿತ್ತುಕೊಂಡ. ಅದರ ಮೂತಿಗೆ ಬಾಯಿಟ್ಟ. ಹಚ್ಚೆಯ ಮೇಲೆ ಒಂದು ತೊಟ್ಟೂ ಬೀಳದ ಹಾಗೆ ಬಲಗೈಯನ್ನು ಬಿಡಿಸಿಕೊಂಡು ತಲೆಯ ಮೇಲಕ್ಕೆತ್ತಿ, ಧಾರೆಯಷ್ಟನ್ನೂ ಗಟಗಟ ಕುಡಿದು, ಖಾಲಿ ಗಿಂಡಿಯನ್ನು ಮುದ್ದೇಗೌಡನ ಕೈಗೆ ಕೊಟ್ಟ.