ಗಾಂವಕರರು ಕೊಟ್ಟ ಟಾಪು

ಅಘನಾಶಿನಿ ಹೊಳೆಯಲ್ಲಿ ಜನರನ್ನು ದಾಟಿಸುವ ಹೊನ್ನಪ್ಪ ಅಂಬಿಗನ ಸಣ್ಣ ದೋಣಿಗೆ ಊರಿನ ದೊಡ್ಡ ಕುಳ ಗಾಂವಕರರು ತಮ್ಮ ಹಳೆಯ ಜೀಪಿನ ಕ್ಯಾನ್ವಾಸ್ ಟಾಪನ್ನು ದಾನ ಕೊಟ್ಟರು. ಜನಕ್ಕೆ ನೆರಳಾಯಿತೆಂದು ಹೊನ್ನಪ್ಪ ಹಿಗ್ಗಿದ. ಬಿಡಿಸಿ ನೋಡಿದರೆ, ಅದರ ಅಂಚಿನಲ್ಲಿ ಗಾಂವಕರರ ಹೆಸರು ಮೊಳದುದ್ದ ಅಕ್ಷರಗಳಲ್ಲಿತ್ತು.

“ಹೆಸರು ಎರಡೂ ದಡಕ್ಕೆ ಕಾಣಬೇಕು. ಎರಡಾಳೆತ್ತರ ಬಿದಿರು ನಿಲ್ಲಿಸಿ ಕಟ್ಟು,” ಎಂದರು ಗಾಂವಕರರು.

“ಅಷ್ಟೆತ್ತರ ಕಟ್ಟಿದರೆ ಗಾಳಿಗೆ ದೋಣಿ ಮಗುಚುತ್ತದೆ, ಒಡೆಯಾ.”

“ಹಾಗಾದರೆ ಟಾಪು ವಾಪಸ್ ಕೊಡು.”

ಹೊನ್ನಪ್ಪ ಹೇಳಿದಷ್ಟೇ ಎತ್ತರಕ್ಕೆ ಕಟ್ಟಿದ. ಆದರೆ ದೋಣಿಯ ಹಗ್ಗ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಗಾಂವಕರರನ್ನು ದಡಕ್ಕೆ ಕರೆಸಿ, ಸಂತೆಗೆ ಹೊರಟ ಹೆಂಗಸರನ್ನು ದೋಣಿಯಲ್ಲಿ ಕೂರಿಸಿದ. ಓರೆ ಬಿಸಿಲು ನೇರ ಅವರ ಮುಖಕ್ಕೇ ಬಡಿಯಿತು.

“ಇದೆಂಥ ಟಾಪು? ನಾವಿಲ್ಲಿ, ನೆರಳು ಹೊಳೆಯಲ್ಲಿ. ಯಾವ ಪುಣ್ಯಾತ್ಮ ಕೊಟ್ಟದ್ದು?” ಎಂದಳು ಮೀನು ಮಾರುವ ನಾಗಮ್ಮ.

ಪಕ್ಕದವಳು ಕತ್ತೆತ್ತಿ ಹೆಸರನ್ನು ಗಟ್ಟಿಯಾಗಿ ಓದಿದಳು. ದೋಣಿಯೆಲ್ಲ ನಕ್ಕಿತು.

ಹೊನ್ನಪ್ಪ ಗಾಂವಕರರ ಬಳಿ ಬಂದು ಮೆಲ್ಲಗೆ ಹೇಳಿದ, “ಹೆಸರು ಚೆನ್ನಾಗಿ ಕಾಣುತ್ತದೆ, ಒಡೆಯಾ. ಯಾರನ್ನು ಬೈಯಬೇಕೆಂದು ಯಾರೂ ಹುಡುಕಬೇಕಿಲ್ಲ.”

ಗಾಂವಕರರು ನಗುತ್ತಿದ್ದ ಹೆಂಗಸರತ್ತ ಒಮ್ಮೆ ನೋಡಿದರು.

“ಇಳಿಸಿ ಕಟ್ಟು.”

“ಎಷ್ಟು ಇಳಿಸಲಿ?”

“ನೆರಳು ಬೀಳುವಷ್ಟು.”

“ಸ್ವಲ್ಪ ಹೊತ್ತು ಹಿಡಿಯುತ್ತದೆ.”

ಗಾಂವಕರರು ಹೆಗಲ ಮೇಲಿನ ಶಾಲು ತೆಗೆದು ಅವನ ಕೈಗಿಟ್ಟರು. “ಅಲ್ಲಿಯವರೆಗೆ ಇದನ್ನು ಆ ಹೆಸರಿನ ಮೇಲೆ ಹೊದಿಸು.”