ಇರುವೆ ಕಚ್ಚಿದ ಕೆನ್ನೆ

ಶಿಷ್ಯನಿಗೆ ತಾಳ್ಮೆ ಕಲಿಸಿ ಕಲಿಸಿ ಗುರುವಿನ ತಾಳ್ಮೆಯೇ ಮುಗಿದುಹೋದ ಕಥೆ ಇದು.

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿಯ ಗುರುಗಳು ನಲವತ್ತು ವರ್ಷ ಹೊಳೆ ನಡುವಿನ ಬಂಡೆಯ ಮೇಲೆ, ಸುಡುಬಿಸಿಲಲ್ಲೇ ಕೂತು ಪಾಠ ಹೇಳಿದವರು. ಹಾಗಾಗಿ ಜನರ ಬಾಯಲ್ಲಿ ಅವರು ಬಂಡೆಸ್ವಾಮಿಗಳು.

ಅವರ ಹಿರಿಯ ಶಿಷ್ಯ ಪಂಚಾಕ್ಷರಿ. ಗುರುಗಳು ಕೆಮ್ಮಿದರೂ ಅದರಲ್ಲೊಂದು ತತ್ತ್ವ ಹುಡುಕುವ ಆಸಾಮಿ.

ಸ್ವಾಮಿಗಳ ಎಡಗಿವಿಯ ಮುಂದೆ ರಾಗಿಕಾಳಿನಷ್ಟು ಗಂಟೊಂದು ಎದ್ದಿತು. ಹುಣ್ಣಾಯಿತು, ಒಣಗಿತು, ಮತ್ತೆ ಒಡೆಯಿತು. ಭಕ್ತರು ವಿಭೂತಿ ಹಚ್ಚಿದರು. ಪಂಚಾಕ್ಷರಿ ಅರಿಸಿನ ಅರೆದು ಕೊಟ್ಟ. ಹುಣ್ಣು ಯಾರ ಭಕ್ತಿಗೂ ಬಗ್ಗಲಿಲ್ಲ. ಅದು ನಿಂಬೆಹಣ್ಣಿನಷ್ಟಾಗಿ, ಕತ್ತಿನಲ್ಲೂ ಗಡ್ಡೆ ಕೈಗೆ ಸಿಕ್ಕ ಮೇಲೆ ಪಟ್ಟಣದ ಆಸ್ಪತ್ರೆಗೆ ಹೋದರು.

“ಚರ್ಮದ ಕ್ಯಾನ್ಸರು. ಸ್ಕ್ವೇಮಸ್ ಸೆಲ್ ಅಂತಾರೆ,” ಎಂದರು ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ. “ಮುಂದುವರಿದುಬಿಟ್ಟಿದೆ.”

ಅಲ್ಲಿಂದ ಪಂಚಾಕ್ಷರಿಯ ಪ್ರದಕ್ಷಿಣೆ ಶುರುವಾಯಿತು.

ಆಪರೇಷನ್ ಡಾಕ್ಟರು, “ಕತ್ತರಿಸಬಹುದು. ಆದ್ರೂ ಕರೆಂಟ್ ಡಾಕ್ಟರನ್ನ ಒಂದು ಮಾತು ಕೇಳೋಣ,” ಎಂದರು. ಕರೆಂಟ್ ಡಾಕ್ಟರು, ಅಂದರೆ ಗಡ್ಡೆಗೆ ಕಿರಣ ಹಾಯಿಸುವವರು, “ಔಷಧಿ ಡಾಕ್ಟರು ಏನಂತಾರೆ ನೋಡೋಣ,” ಎಂದರು. ಔಷಧಿ ಡಾಕ್ಟರು, “ಡ್ರಿಪ್ ಕೊಟ್ಟು ಮೊದಲು ಕುಗ್ಗಿಸಿದ್ರೆ ಹೇಗೆ? ಆಪರೇಷನ್‌ನವರು ಒಪ್ಪಬೇಕು,” ಎಂದರು.

ಮೂರು ಮಹಡಿ ಹತ್ತಿ ಇಳಿದು ಪಂಚಾಕ್ಷರಿಯ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಡಾಕ್ಟರಮ್ಮ, “ಗುರುವಾರ ನಾವೆಲ್ಲ ಒಟ್ಟಿಗೆ ಕೂತು ತೀರ್ಮಾನ ಮಾಡ್ತೀವಿ,” ಎಂದಾಗಂತೂ ಅವನಿಗೆ ರೇಗಿಹೋಯಿತು.

“ಒಂದು ಹುಣ್ಣಿಗೆ ಪಂಚಾಯ್ತಿ ಬೇರೆ ಸೇರಿಸ್ತೀರಾ?”

“ಒಂದು ಹುಣ್ಣಲ್ಲ, ಅದಕ್ಕೇ,” ಎಂದು ಆಕೆ ಸ್ವಾಮಿಗಳ ಕಡೆ ತಿರುಗಿದರು. “ಮುಖದಲ್ಲಿ ಎಲ್ಲಾದ್ರೂ ಜೋಮು ಹಿಡಿದ ಹಾಗೆ ಇದೆಯಾ, ಸ್ವಾಮೀಜಿ?”

ಅಂದು ಸೋಮವಾರ. ಸೋಮವಾರ ಸ್ವಾಮಿಗಳದು ಮೌನವ್ರತ. ಅವರು ಎಡಗೆನ್ನೆ ಮುಟ್ಟಿ, ಇಲ್ಲ ಎಂಬಂತೆ ಅಂಗೈ ಆಡಿಸಿದರು.

ಪಂಚಾಕ್ಷರಿ ನಡುವೆ ಬಂದ. “ಈ ದೇಹವೇ ತಮ್ಮದಲ್ಲ ಅಂತಿದ್ದಾರೆ, ಡಾಕ್ಟ್ರೇ. ಅವರಿಗೆ ಅಂಥದ್ದೇನೂ ಇಲ್ಲ. ಏನೂ ಇಲ್ಲ ಅಂತಲೇ ಬರ್ಕೊಳ್ಳಿ.”

ಸ್ವಾಮಿಗಳು ಇನ್ನೊಮ್ಮೆ, ಜೋರಾಗಿಯೇ ಕೆನ್ನೆ ತಟ್ಟಿಕೊಂಡರು. ಪಂಚಾಕ್ಷರಿ ಕೈಮುಗಿದ.

ಮಂಗಳವಾರ ಊಟದ ಸಾಲಿನಲ್ಲಿ ಸ್ವಾಮಿಗಳ ಬಾಯಿಯ ಎಡಮೂಲೆಯಿಂದ ಗಂಜಿ ಇಳಿದು ಗಡ್ಡಕ್ಕೆ ಹತ್ತಿತು.

“ನೋಡಿ, ಸಾಕಾದದ್ದನ್ನ ಬಿಟ್ಟುಬಿಡಬೇಕು ಅಂತ ತೋರಿಸ್ತಿದ್ದಾರೆ,” ಎಂದ ಪಂಚಾಕ್ಷರಿ. ಎದುರು ಸಾಲಿನ ಇಬ್ಬರು ಭಕ್ತರು ತಮ್ಮ ಗಂಜಿಯನ್ನೂ ಗಲ್ಲದ ಮೇಲೆ ಇಳಿಬಿಟ್ಟರು.

“ಪಂಚಾಕ್ಷರಿ, ನನ್ನ ಬಾಯಿ...” ಎಂದರು ಸ್ವಾಮಿಗಳು.

“ಹೌದು ಬುದ್ಧಿ, ಬಾಯಿಗೆ ಕಡಿವಾಣ ಇರಬೇಕು. ಎಲ್ಲರಿಗೂ ಹೇಳ್ತೀನಿ.”

ಸ್ವಾಮಿಗಳು ಹಣೆ ಚಚ್ಚಿಕೊಂಡರು. ಅದಕ್ಕೂ ಅವನು ಒಂದು ಅರ್ಥ ಹೇಳಿದ.

ಸಂಜೆ ಧ್ಯಾನಕ್ಕೆ ಕೂತಾಗ ಅವರ ಬಲಗಣ್ಣು ಮುಚ್ಚಿತು, ಎಡಗಣ್ಣು ತೆರೆದೇ ಇತ್ತು. ಒಂದು ಕಣ್ಣು ಒಳಗೆ, ಇನ್ನೊಂದು ಲೋಕದ ಮೇಲೆ ಎಂದು ಪಂಚಾಕ್ಷರಿ ಪುಳಕಗೊಂಡ. ಬುಧವಾರ ಬೆಳಿಗ್ಗೆ ಪಾಠದ ನಡುವೆ ಕಟ್ಟಿರುವೆಯೊಂದು ಎಡಗೆನ್ನೆ ಹತ್ತಿ ಕಚ್ಚಿ ರಕ್ತ ಬರಿಸಿತು. ಸ್ವಾಮಿಗಳು ಪಾಠ ನಿಲ್ಲಿಸಲಿಲ್ಲ. ಭಕ್ತರು ಕಣ್ಣೊರೆಸಿಕೊಂಡರು. ಪಂಚಾಕ್ಷರಿ ಉದ್ದಕ್ಕೆ ಅಡ್ಡಬಿದ್ದ.

ಎದ್ದವನು ತಾನು ಮಾಡಿದ ಏರ್ಪಾಟು ಹೇಳಿದ. ಗುರುವಾರದವರೆಗೆ ಕಾಯುವ ವ್ಯವಧಾನ ಅವನಿಗಿರಲಿಲ್ಲ.

“ಬುದ್ಧಿ, ಆ ಪಂಚಾಯ್ತಿ ಸಹವಾಸ ಬೇಡ. ಪಕ್ಕದ ಊರಲ್ಲಿ ಒಬ್ಬರು ಸರ್ಜನ್ ಇದ್ದಾರೆ. ಯಾರನ್ನೂ ಕೇಳೋದು ಬೇಡ, ನಾನೊಬ್ಬನೇ ಸಾಕು, ಒಂದೇ ಏಟಿಗೆ ತೆಗೀತೀನಿ ಅಂದ್ರು. ಕಾರು ನಿಂತಿದೆ, ಏಳಿ.”

“ಆತುರಗಾರನಿಗೆ ಬುದ್ಧಿ ಮಟ್ಟ,” ಎಂದರು ಸ್ವಾಮಿಗಳು. “ಹತ್ತಿರ ಬಾ. ನನ್ನ ಎಡಗೆನ್ನೆ ಚಿವುಟು.”

ಪಂಚಾಕ್ಷರಿ ಎರಡು ಹೆಜ್ಜೆ ಹಿಂದೆ ಸರಿದ. ಆಶ್ರಮಕ್ಕೆ ಬಂದ ದಿನದಿಂದ ಅವನು ಗುರುಗಳ ಪಾದ ಬಿಟ್ಟು ಬೇರೇನೂ ಮುಟ್ಟಿದವನಲ್ಲ.

“ಅಪಚಾರ, ಬುದ್ಧಿ.”

“ಚಿವುಟೋ.”

ಅವನು ಹೂವು ಏರಿಸುವವನ ಹಾಗೆ ಬೆರಳ ತುದಿ ತಾಗಿಸಿದ.

“ಚಿವುಟು ಅಂದೆ. ಪೂಜೆ ಮಾಡು ಅನ್ನಲಿಲ್ಲ.”

ಕಣ್ಣು ಮುಚ್ಚಿ ಚಿವುಟಿದ. ಇನ್ನೂ ಜೋರಾಗಿ ಎಂದರು. ಉಗುರಿನ ಗುರುತು ಮೂಡುವಂತೆ ಚಿವುಟಿದ.

“ಚಿವುಟಿದೆಯಾ?”

“ಚಿವುಟಿದೆ, ಬುದ್ಧಿ.”

“ನಂಗೆ ಗೊತ್ತಾಗಲಿಲ್ಲ.”

ಪಂಚಾಕ್ಷರಿಯ ಕಣ್ಣು ತುಂಬಿ ಬಂತು. “ಎಂಥಾ ನಿಲುವು! ಇದರ ಅರ್ಥ ಏನು, ಬುದ್ಧಿ?”

ಬಂಡೆಸ್ವಾಮಿಗಳು ಎದ್ದು ನಿಂತರು. ಅವರು ದನಿ ಏರಿಸಿದ್ದನ್ನು ಆಶ್ರಮದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

“ಅರ್ಥ ಏನೂ ಇಲ್ವೋ! ಕೆನ್ನೆ ಮರಗಟ್ಟಿ ಹೋಗಿದೆ! ಇರುವೆ ಕಚ್ಚಿದ್ದು ಗೊತ್ತಾಗಲಿಲ್ಲ, ಅಷ್ಟೇ. ತುಟಿ ಕೂಡಲ್ಲ, ಗಂಜಿ ಸೋರತ್ತೆ. ರೆಪ್ಪೆ ಮುಚ್ಚಲ್ಲ, ಕಣ್ಣು ಉರಿಯತ್ತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನಾನ ಕಟ್ಕೊಂಡು ನಲವತ್ತು ವರ್ಷ ಪಾಠ ಹೇಳಿದ್ನಲ್ಲ, ನನಗೆ ಹೇಳಬೇಕು!”

ಪಂಚಾಕ್ಷರಿ ಕೆನ್ನೆಯ ಮೇಲಿನ ಉಗುರಿನ ಗುರುತು ನೋಡಿದ.

“ಮೊನ್ನೆ ಡಾಕ್ಟರಮ್ಮ ಕೇಳಿದ್ರಲ್ಲ, ಬುದ್ಧಿ...”

“ಹೇಳ್ದೆ. ಕೈಸನ್ನೇಲಿ ಹೇಳ್ದೆ. ನೀನು ಅದನ್ನ ಪುರಾಣ ಮಾಡ್ದೆ.” ಸ್ವಾಮಿಗಳ ದನಿ ಇಳಿಯಿತು. “ತಪ್ಪು ನಂದೂ ಇದೆ. ಆಸ್ಪತ್ರೆಗೆ ಹೋದ ದಿನ ಎಂಥ ಮೌನ, ಮಣ್ಣು!”

“ಹಂಗಾದ್ರೆ ಈಗಲೇ ಆ ಸರ್ಜನ್ ಹತ್ರ...”

“ಅವರು ನನ್ನ ಕೆನ್ನೆ ಮುಟ್ಟಿ ನೋಡಿದ್ರಾ?”

“ಇಲ್ಲ. ಫೋನಲ್ಲಿ ಹೇಳಿದ್ದು.”

“ಕಾರು ವಾಪಸ್ ಕಳಿಸು. ನಾಳೆ ಆ ಪಂಚಾಯ್ತಿಗೇ ಹೋಗೋಣ. ತುಟಿ ಕೂಡದೆ ನನ್ನ ಮಾತು ತೊದಲತ್ತೆ, ಹೇಳೋನು ನೀನೇ. ಅರ್ಥ ಹೇಳಬೇಡ. ಕಂಡದ್ದು ಹೇಳು.”

ಗುರುವಾರ ಡಾಕ್ಟರುಗಳು ಒಂದೇ ಮೇಜಿನ ಸುತ್ತ ಕೂತಿದ್ದರು. ಡಾಕ್ಟರಮ್ಮ ಇವರಿಬ್ಬರನ್ನೂ ಒಳಗೆ ಕರೆದರು. ಪಂಚಾಕ್ಷರಿ ಗಂಜಿಯ ವಿಷಯ ಹೇಳಿದ, ಕಣ್ಣಿನ ವಿಷಯ ಹೇಳಿದ. ಇರುವೆಯ ವಿಷಯ ಬಂದಾಗ ಅರ್ಥ ಹೇಳಲು ನಾಲಿಗೆ ತುರಿಸಿತು, ತಡೆದುಕೊಂಡ.

ಕರೆಂಟ್ ಡಾಕ್ಟರು ಎದ್ದು ಬಂದು ಹತ್ತಿಯ ಎಳೆಯಿಂದ ಸ್ವಾಮಿಗಳ ಕೆನ್ನೆ ಸವರಿದರು. ಮತ್ತೆ ಆಪರೇಷನ್ ಡಾಕ್ಟರ ಮುಖ ನೋಡಿದರು.

“ಕ್ಯಾನ್ಸರು ನರ ಹಿಡಿದು ಒಳಗೆ ಹೋಗಿರಬೇಕು,” ಎಂದರು ಆಪರೇಷನ್ ಡಾಕ್ಟರು. “ನಾನೊಬ್ಬನೇ ಮೇಲಿಂದ ಎಷ್ಟು ಕತ್ತರಿಸಿದ್ರೂ ಬೇರು ಒಳಗೇ ಉಳೀತಿತ್ತು.”

ಪಂಚಾಕ್ಷರಿಗೆ ವಾಪಸ್ ಕಳಿಸಿದ ಕಾರು ನೆನಪಾಯಿತು.

ಹೊಸದಾಗಿ ಸ್ಕ್ಯಾನ್ ಮಾಡಿಸಬೇಕು, ಮುಂದಿನ ಗುರುವಾರ ಮತ್ತೆ ಕೂರಬೇಕು ಎಂದರು. ಇನ್ನೊಂದು ಗುರುವಾರ! ಅವನಿಗೆ ರೇಗಿತು. ಆದರೆ ಈ ಸಲ ಸ್ಕ್ಯಾನಿನ ಚೀಟಿ ತೆಗೆದುಕೊಂಡು ಹೊರಟ.

ಆ ಗುರುವಾರ ಡಾಕ್ಟರುಗಳು ಜಗಳಾಡಿದರು. ಇದು ಮೊದಲು, ಅದು ಮೊದಲು ಎಂದು ದನಿ ಬಾಗಿಲಾಚೆಗೂ ಕೇಳುತ್ತಿತ್ತು. ಹೊರಗೆ ಬಂದಾಗ ಮಾತು ಒಂದೇ ಆಗಿತ್ತು. ಮೊದಲು ಡ್ರಿಪ್. ಕುಗ್ಗಿದ ಮೇಲೆ ಆಪರೇಷನ್. ಆಮೇಲೆ ನರದ ದಾರಿಯುದ್ದಕ್ಕೂ ಕರೆಂಟ್.

“ವಾಸಿ ಆಗತ್ತಾ?” ಎಂದು ಕೇಳಿದ ಪಂಚಾಕ್ಷರಿ.

“ಎಲ್ಲರೂ ಸೇರಿ ಪ್ರಯತ್ನ ಮಾಡ್ತೀವಿ,” ಎಂದರು ಡಾಕ್ಟರಮ್ಮ. “ಖಂಡಿತ ಅಂತ ಹೇಳೋಕಾಗಲ್ಲ.”

ಮೊದಲ ಡ್ರಿಪ್ಪಿನ ದಿನ. ಸ್ವಾಮಿಗಳು ಕೈಗೆ ಸೂಜಿ ಚುಚ್ಚಿಸಿಕೊಂಡು ಒರಗಿದ್ದರು. ಪಂಚಾಕ್ಷರಿ ಲೋಟದಿಂದ ಎರಡು ಗುಟುಕು ನೀರು ಕುಡಿಸಿದ. ಆಮೇಲೆ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

“ಬುದ್ಧಿ, ನಂಗೆ ಭಯ ಆಗ್ತಿದೆ. ನೀವಿಲ್ಲದೆ ಹೋದ್ರೆ ನಂಗ್ಯಾರು ದಿಕ್ಕು? ಬಾಳೆಲ್ಲ ಇಟ್ಕೊಳ್ಳೋ ಅಂಥ ಒಂದು ಮಾತು ಹೇಳಿ.”

ಸ್ವಾಮಿಗಳು ಬಲಗಣ್ಣು ಮುಚ್ಚಿದರು. ತೆರೆದರು. ಪಂಚಾಕ್ಷರಿ ಬಾಗಿ ಕಿವಿಗೊಟ್ಟ.

“ಎಡಗಡೆ ನೀರು ಸೋರ್ತಿದೆ,” ಎಂದರು ಸ್ವಾಮಿಗಳು. “ಒರೆಸು.”